ರೂಪಕ ಗೊತ್ತಾಗಿ ಏನಾಗಬೇಕು?

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕಪತ್ರ ಬರೆಯುವವರು) ಆಗಿರುವ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಒಂದು ಕಥಾಸಂಕಲನದ ವಿಮರ್ಶೆ ಇತ್ತು. ‘ಪ್ರತಿಮೆಗಳಿವೆ, ಆದರೆ ಅವು ಸಂಕೇತವಾಗಿ ಬೆಳೆಯುವುದಿಲ್ಲ’ ಎಂಬ ಮಾತು ತಲೆಗೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಉಪಮೆ, ರೂಪಕ ಬಾಯಿಪಾಠ ಮಾಡಿ ಅಂಕ ತಗೊಂಡವನು ನಾನು. ಅದೆಲ್ಲ ಗೊತ್ತಾಗಿ ಓದುಗನಿಗೆ ಏನಾಗಬೇಕು? ಈ ವರ್ಷ ಕಾಫಿ ಅರಳಿಸುವ ಹೂಮಳೆ ಕೈಕೊಟ್ಟಿದೆ, ಓದೋಕೆ ಟೈಮಿದೆ. ಬಿಡಿಸಿ ಹೇಳಿ."

ಪ್ರಿಯ ಓದುಗರೇ,

ಪರೀಕ್ಷೆಯಲ್ಲಿ ನಮ್ಮನ್ನು ಕೇಳುತ್ತಿದ್ದದ್ದು ‘ಇದು ಯಾವ ಅಲಂಕಾರ?’ ಅಂತ. ಹೆಸರು ಬರೆದರೆ ಮುಗೀತು. ಓದುಗ ಕೇಳಬೇಕಾದ ಪ್ರಶ್ನೆ ಬೇರೆ: ಈ ಹೋಲಿಕೆ ಇಲ್ಲಿ ಯಾವ ಕೆಲಸ ಮಾಡುತ್ತಿದೆ? ಇದನ್ನು ಕಿತ್ತು ಹಾಕಿದರೆ ಏನು ಹೋಗುತ್ತದೆ?

ನಮ್ಮ ಹಾಸನ ಜಿಲ್ಲೆಯದ್ದೇ ಉದಾಹರಣೆ ಕೊಡುತ್ತೇನೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ನಂದಿಸೇನ ಎಂಬ ಜೈನ ಮುನಿಯ ನಿಸಿದಿ ಶಾಸನವಿದೆ, ಅಂದರೆ ವ್ರತದಿಂದ ದೇಹ ಬಿಟ್ಟವರ ನೆನಪಿನ ಶಾಸನ. ಸುಮಾರು 7ನೇ ಶತಮಾನದ್ದು. ಅದು ಶುರುವಾಗುವುದು ಹೀಗೆ: "ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್ ತೋಱಿ ಬೇಗಂ ಪಿರಿಗುಂ." ಕಾಮನಬಿಲ್ಲಿನ ಹಾಗೆ, ಬಳ್ಳಿಮಿಂಚಿನ ಹಾಗೆ, ಮಂಜಿನ ಹಾಗೆ ಕಾಣಿಸಿಕೊಂಡು ಬೇಗ ಮರೆಯಾಗುತ್ತವೆ. ಯಾವುದು? ಸಿರಿ, ರೂಪ, ಹಣ, ವೈಭವ. ಯಾರಿಗೂ ನಿಲ್ಲುವುದಿಲ್ಲ ಎನ್ನುತ್ತದೆ ಪದ್ಯ. ಈ ಭೂಮಿಯ ಮೇಲೆ ಇರಲಾರೆ ಎಂದು ಮುನಿ ಸಂನ್ಯಾಸನ (ಉಪವಾಸವಿದ್ದು ದೇಹ ಬಿಡುವ ವ್ರತ) ಕೈಗೊಂಡು ದೇವಲೋಕಕ್ಕೆ ಹೋದ ಎಂದು ಮುಗಿಯುತ್ತದೆ.

ಪರೀಕ್ಷೆಗೆ ಬರೆಯುವುದು ಸುಲಭ. ಸಿರಿ ಉಪಮೇಯ, ಕಾಮನಬಿಲ್ಲು ಉಪಮಾನ, ‘ವೋಲ್’ ಉಪಮಾವಾಚಕ, ಬೇಗ ಮರೆಯಾಗುವುದು ಸಮಾನಧರ್ಮ. ಉಪಮಾಲಂಕಾರ. ಈಗ ಆ ಮೂರು ಹೋಲಿಕೆಗಳನ್ನು ತೆಗೆದು ಓದಿ. ‘ಸಿರಿ ನಿಲ್ಲುವುದಿಲ್ಲ’ ಎಂಬ ಒಣ ಮಾತು ಉಳಿಯುತ್ತದೆ. ಅದಕ್ಕಾಗಿ ಒಬ್ಬ ಮನುಷ್ಯ ಲೋಕವನ್ನೇ ಬಿಟ್ಟ ಅಂದರೆ ನಂಬುವುದು ಕಷ್ಟ. ಹೋಲಿಕೆ ಇದ್ದಾಗ ಅವನು ಕಂಡದ್ದನ್ನು ನಾವೂ ಕಾಣುತ್ತೇವೆ. ಮೂರು ಯಾಕೆ ಬೇಕಿತ್ತು, ಒಂದು ಸಾಲದಿತ್ತಾ? ಕಾಮನಬಿಲ್ಲಿಗೆ ಬಣ್ಣವಿದೆ, ಮಿಂಚಿಗೆ ಬೆಳಕಿದೆ. ಮಂಜಿಗೆ ಎರಡೂ ಇಲ್ಲ, ಆದರೆ ಅದು ಮುಸುಕಿದಾಗ ಎದುರಿನ ಬೆಟ್ಟವೇ ಕಾಣುವುದಿಲ್ಲ. ಸಿರಿಯೂ ಇದ್ದಷ್ಟು ಹೊತ್ತು ಬೇರೆಲ್ಲವನ್ನೂ ಮರೆಮಾಡುತ್ತದೆ. ಇದು ನನ್ನ ಓದು. ಮಲೆನಾಡಿನ ಮಂಜು ನೋಡಿದ ನಿಮಗೆ ಬೇರೇನಾದರೂ ಹೊಳೆಯಬಹುದು.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಅಲಂಕಾರ ಗ್ರಂಥ ಕವಿರಾಜಮಾರ್ಗ, ಕಾಲ ಸುಮಾರು 850. ಈ ಶಾಸನ ಅದಕ್ಕಿಂತ ಹಳೆಯದು. ಅಲಂಕಾರದ ಹೆಸರು ಕಲಿಯುವುದು ಆಮೇಲಾದರೂ ನಡೆಯುತ್ತದೆ ಅನ್ನಲು ನನಗೆ ಇಷ್ಟು ಸಾಕು.

ಇನ್ನು ಸೋತ ಉಪಮೆಯ ವಿಷಯ. ಕಾಫಿ ಹೂವಿನ ಬಗ್ಗೆ ನಮಗೆ ಬರುವ ಎಷ್ಟೋ ಪದ್ಯಗಳಲ್ಲಿ ‘ತೋಟದ ತುಂಬ ಹಿಮ ಬಿದ್ದ ಹಾಗೆ’ ಅಂತ ಇರುತ್ತದೆ. ಹಿಮವನ್ನು ಕಣ್ಣಾರೆ ಕಾಣದವರು, ಹಿಮ ಕಾಣದ ಓದುಗರಿಗೆ, ದಿನಾ ನೋಡುವ ಹೂವನ್ನು ಅದರಿಂದ ತೋರಿಸಲು ಹೊರಟಿದ್ದಾರೆ. ಬಿಳಿ ಬಣ್ಣವೊಂದು ಸಿಕ್ಕಿತು. ಪರಿಮಳ ಹೋಯಿತು, ಮಳೆಯಾಗಿ ಎಂಟು ಹತ್ತು ದಿನಕ್ಕೆ ಒಟ್ಟಿಗೇ ಅರಳುವ ಸಂಭ್ರಮ ಹೋಯಿತು, ಮೂರು ನಾಲ್ಕು ದಿನದಲ್ಲಿ ಕಂದುವುದೂ ಹೋಯಿತು. ಇಂಥ ಸಾಲನ್ನು ನಾನು ಅಚ್ಚಿಗೆ ಕಳಿಸುವುದಿಲ್ಲ.

ರೂಪಕಕ್ಕೆ ನಿಮ್ಮ ಜಿಲ್ಲೆಯ ಕುದುರೆಮುಖವೇ ಸಾಕ್ಷಿ. ಕುದುರೆಯ ಮುಖದ ಹಾಗಿರುವ ಬೆಟ್ಟ ಅಂದರೆ ಉಪಮೆ. ‘ಹಾಗೆ’ ಬಿಟ್ಟು ಅದನ್ನೇ ಕುದುರೆಮುಖ ಅಂದಾಗ ರೂಪಕ. ಅಲ್ಲಿ ಬೆಟ್ಟ ಬೇರೆ, ಕುದುರೆ ಬೇರೆ ಎಂಬ ಅಂತರವೇ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲೂ ಇದೆ. ಸುಮಾರು 450ರ ಆ ಶಾಸನದ ಮೊದಲಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ. ಅಚ್ಯುತ ದಾನವರ ಕಣ್ಣಿಗೆ ಯುಗಾಂತದ ಬೆಂಕಿ, ಶಿಷ್ಟರಿಗೆ ಸುದರ್ಶನ ಅನ್ನುತ್ತದೆ. ಬೆಂಕಿಯಂತೆ ಅಲ್ಲ, ಬೆಂಕಿಯೇ. ‘ಸುದರ್ಶನ’ ಅಂದರೆ ನೋಡಲು ಚೆಂದದವನು, ವಿಷ್ಣುವಿನ ಚಕ್ರವೂ ಹೌದು. ಒಂದೇ ಪದದಲ್ಲಿ ಎರಡರ್ಥ ಕೂರಿಸುವುದು ಶ್ಲೇಷೆ. ಅಭಯವೂ ಆಯುಧವೂ ಒಂದೇ ಮಾತಿನಲ್ಲಿ ಬಂದುಬಿಟ್ಟವು ನೋಡಿ.

ಹೂಮಳೆ ಕೈಕೊಟ್ಟಿದೆ ಅಂತ ಬರೆದಿದ್ದೀರಲ್ಲ, ಅದು ನುಡಿಗಟ್ಟು. ಬಳಸಿ ಬಳಸಿ ಸವೆದ ರೂಪಕ. ಅಲ್ಲಿ ಯಾರಿಗೂ ಕೈ ಕಾಣುವುದಿಲ್ಲ. ‘ಹೂಮಳೆ ಕೈಕೊಟ್ಟಿತು, ಆ ಕೈಯಲ್ಲಿ ಒಂದು ಹನಿಯೂ ಇರಲಿಲ್ಲ’ ಅಂತ ಬರೆದರೆ? ಕೈ ತಟ್ಟನೆ ಕಾಣಿಸುತ್ತದೆ. ಒಳ್ಳೆಯ ಕವಿಗಳು ಈ ಕೆಲಸವನ್ನು ಬಹಳ ಮಾಡುತ್ತಾರೆ. ಹೊಸ ಹೋಲಿಕೆ ಹುಡುಕುವುದಕ್ಕಿಂತ ಇದು ಕಷ್ಟ ಅಂತ ನನಗನಿಸುತ್ತದೆ.

ಈಗ ನಿಮ್ಮನ್ನು ಕಾಡಿದ ವಾಕ್ಯ. ಪ್ರತಿಮೆ ಅಂದರೆ ಕಣ್ಣು, ಕಿವಿ, ಮೂಗು, ಚರ್ಮಕ್ಕೆ ತಾಗುವ ಹಾಗೆ ಮಾತಿನಲ್ಲಿ ಮೂಡಿಸಿದ ಚಿತ್ರ. ಒಂದು ಕಥೆ ಅಂದುಕೊಳ್ಳಿ. ಅಪ್ಪ ಮಳೆಗೆ ತಲೆಯಿಂದ ಹೊದೆಯುವ ಕಂಬಳಿ ಕೊಪ್ಪೆ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ತೊಟ್ಟಿಕ್ಕುವ ನೀರು, ಒದ್ದೆ ಉಣ್ಣೆಯ ವಾಸನೆ. ಇಷ್ಟಾದರೆ ಪ್ರತಿಮೆ. ಅಪ್ಪ ಸತ್ತ ಮೇಲೂ ಕೊಪ್ಪೆ ಅಲ್ಲೇ ಇದೆ, ಯಾರೂ ಮುಟ್ಟುವುದಿಲ್ಲ. ತೋಟ ಪಾಲಾಗುವ ದಿನ ಮಳೆ. ದೊಡ್ಡ ಮಗ ಅದನ್ನು ತೆಗೆದು ಹೊದೆಯುತ್ತಾನೆ, ತಮ್ಮಂದಿರು ಸುಮ್ಮನೆ ನೋಡುತ್ತಾರೆ. ಈಗ ಅದು ಬರೀ ಕಂಬಳಿಯಲ್ಲ. ಅಪ್ಪನ ಜಾಗ, ಯಜಮಾನಿಕೆ, ಇನ್ನೂ ಏನೇನೋ. ಹಾಗಂತ ಕಥೆಗಾರ ಎಲ್ಲೂ ಹೇಳಿಲ್ಲ. ಇದೇ ಸಂಕೇತ. ಕೊಪ್ಪೆ ಮೊದಲು ನಿಜವಾದ ಕೊಪ್ಪೆಯಾಗಿರಬೇಕು, ಅದು ಮುಖ್ಯ. ಮಳೆ ತಡೆಯದ ಕೊಪ್ಪೆ ಸಂಕೇತವೂ ಆಗುವುದಿಲ್ಲ.

ವಿಮರ್ಶಕರ ದೂರು ಇಷ್ಟೇ: ಆ ಕಥೆಗಳಲ್ಲಿ ಚಿತ್ರಗಳು ಚೆಂದ ಇವೆ, ಆದರೆ ಬಂದಲ್ಲೇ ನಿಂತುಬಿಡುತ್ತವೆ, ಕಥೆ ಮುಂದೆ ಹೋದಂತೆ ಅರ್ಥ ಕೂಡಿಕೊಳ್ಳುವುದಿಲ್ಲ. ಸರಿಯೋ ತಪ್ಪೋ ಎಂದು ನೀವೇ ಓದಿ ತೀರ್ಮಾನಿಸಬಹುದು. ಪಾರಿಭಾಷಿಕ ಪದ ಗೊತ್ತಿದ್ದರೆ ಆಗುವ ದೊಡ್ಡ ಲಾಭ ನನ್ನ ಪ್ರಕಾರ ಇದೇ. ವಿಮರ್ಶಕರ ಜೊತೆ ಜಗಳ ಆಡಬಹುದು. ಹೆಸರು ಗೊತ್ತಿಲ್ಲದಿದ್ದರೆ ‘ಯಾಕೋ ಇಷ್ಟ ಆಯ್ತು’ ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಆ ಸಂಕಲನ ಸಿಕ್ಕರೆ ಓದಿ. ಯಾವುದಾದರೂ ಒಂದು ಚಿತ್ರ ಕಥೆಯ ಕೊನೆಯವರೆಗೆ ಬೆಳೆದಿದೆ ಅನಿಸಿದರೆ, ಅದು ಬರುವ ಸಾಲುಗಳನ್ನು ಪುಟಸಂಖ್ಯೆ ಸಮೇತ ಬರೆದು ಕಳಿಸಿ. ವಿಮರ್ಶಕರಿಗೂ ತೋರಿಸಿ, ಅವರ ಉತ್ತರದ ಜೊತೆಗೇ ಅಚ್ಚು ಹಾಕುತ್ತೇವೆ.

— ಸಂಪಾದಕ