ಫೋನಿನಲ್ಲೇ ಮನೋರೋಗದ ಚಿಕಿತ್ಸೆ ಸಾಧ್ಯವೇ?

ಪ್ರಶ್ನೆ: ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವ ನನ್ನ ತಮ್ಮ, ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕೆಂದು ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ. ಫೋನಿನಲ್ಲೇ ಚಿಕಿತ್ಸೆ ಮುಂದುವರಿಸಬಹುದೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಬಹುಮಟ್ಟಿಗೆ ಸಾಧ್ಯ. 2020ರ ಟೆಲಿಮೆಡಿಸಿನ್ (ದೂರದಿಂದಲೇ ನೀಡುವ ಚಿಕಿತ್ಸೆ) ಮಾರ್ಗಸೂಚಿಯಂತೆ, ಈಗಾಗಲೇ ಅವರನ್ನು ನೋಡುತ್ತಿರುವ ವೈದ್ಯರು ವಿಡಿಯೊ ಕರೆಯಲ್ಲಿ ಮಾತನಾಡಿ, ಸಹಿ ಮಾಡಿದ ಔಷಧಿ ಚೀಟಿಯನ್ನು ಮೊಬೈಲಿಗೇ ಕಳುಹಿಸಬಹುದು. ಆಗ ಮಾತ್ರೆಯ ಸ್ಟ್ರಿಪ್ಪನ್ನು ಕ್ಯಾಮೆರಾದ ಮುಂದೆ ಹಿಡಿಯಿರಿ. ‘ಸರಿಯಾಗಿ ನುಂಗುತ್ತಿದ್ದೇನೆ’ ಎಂಬ ಮಾತಿಗಿಂತ, ಉಳಿದಿರುವ ಮಾತ್ರೆಗಳ ಲೆಕ್ಕವೇ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ಆದರೆ ಮಾತ್ರೆಯ ಅಡ್ಡಪರಿಣಾಮ ಗುರುತಿಸಲು ನೋಡುವ ಕೈಕಾಲಿನ ಬಿಗಿತ, ತೂಕ, ರಕ್ತದ ಸಕ್ಕರೆ ಇವೆಲ್ಲ ಪರದೆಯ ಮೇಲೆ ಕಾಣಸಿಗುವುದಿಲ್ಲವಾದ್ದರಿಂದ ಆಗೊಮ್ಮೆ ಈಗೊಮ್ಮೆ ಖುದ್ದಾಗಿ ಹೋಗಲೇಬೇಕು. ಕ್ಲೋಜಪಿನ್ ಎಂಬ ಮಾತ್ರೆ ಕೊಡುತ್ತಿದ್ದರಂತೂ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ನಡುವೆ ಸಲಹೆ ಬೇಕಾದರೆ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.