ಕೆಲಸದ ಜಾಗದಲ್ಲಿ ಮನೆಮಾತು: ಕೊಡಗಿನ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳೆಲ್ಲ ಕೊಡಗಿನವು, ತಕರಾರೂ ಹೆಚ್ಚುಕಡಿಮೆ ಒಂದೇ: ಜೊತೆಗೆ ಕೆಲಸ ಮಾಡುವವರು ತಮ್ಮ ತಮ್ಮಲ್ಲಿ ಮನೆಮಾತು ಆಡುತ್ತಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಎರವ, ಈಗ ಅಸ್ಸಾಮಿ, ಬಂಗಾಳಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಸುವ ಜಿಲ್ಲೆಯಿದು, ಪತ್ರ ಬರದಿದ್ದರೇ ಆಶ್ಚರ್ಯ. ಕಾರ್ಮಿಕ ಕಾನೂನು ಮತ್ತು ತೋಟದ ನಿರ್ವಹಣೆ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬಾಗಲಕೋಟೆ ಕಡೆಯವಳು. ಇಲ್ಲಿ ಸಂಘವೊಂದರ ಕಚೇರಿಯಲ್ಲಿ ಕೆಲಸ. ಎಂಟು ಜನರಲ್ಲಿ ಆರು ಮಂದಿ ಕೊಡವ ತಕ್ಕ್ ಇಲ್ಲವೇ ಅರೆಭಾಷೆಯವರು. ನನ್ನ ಎದುರಿಗೇ ಮಾತಾಡಿ ನಗುತ್ತಾರೆ. ನನ್ನ ಬಗ್ಗೆಯೇ ಇರಬೇಕು ಅನಿಸುತ್ತದೆ. ಮ್ಯಾನೇಜರಿಗೆ ದೂರು ಕೊಡಲೇ?
– ಹೆಸರು ಬೇಡ, ಮಡಿಕೇರಿ

ಉತ್ತರ: ಈಗಲೇ ಬೇಡ. ಒಂದು ವಾರ ಸುಮ್ಮನೆ ಗಮನಿಸಿ. ಅವರು ಏನು ಮಾತಾಡುತ್ತಾರೆ ಎಂಬುದನ್ನು ಬಿಡಿ, ಯಾವ ಹೊತ್ತಿನಲ್ಲಿ ಮಾತಾಡುತ್ತಾರೆ ನೋಡಿ. ಚಹಾದ ಹೊತ್ತಿನಲ್ಲಿ ಕಾಫಿ ರೇಟು, ಮಳೆ, ಯಾರದೋ ಮದುವೆ, ಹಾಕಿ ಪಂದ್ಯ ಬಂದರೆ ಅದು ಅವರ ಹೊತ್ತು, ಅವರ ಮಾತು. ಸಾಲದ ಕಡತ, ನಾಳೆಯ ಆಡಿಟ್, ಯಾರು ಯಾವ ಕೌಂಟರಿನಲ್ಲಿ ಕೂರಬೇಕು ಎಂಬಂಥದ್ದು ನಿಮಗೆ ತಿಳಿಯದ ಮಾತಿನಲ್ಲಿ ತೀರ್ಮಾನವಾದರೆ ಮಾತ್ರ ಅದು ಕೆಲಸದ ದೋಷ. ಅಂಥದ್ದನ್ನು ಬರೆದಿಡಿ: ದಿನ, ವಿಷಯ, ನಿಮಗೆ ತಿಳಿಯದೇ ಹೋದದ್ದರಿಂದ ಆದ ತೊಂದರೆ.

ಕೇಳುವಾಗ "ಕನ್ನಡದಲ್ಲಿ ಮಾತಾಡಿ" ಅನ್ನಬೇಡಿ, ಅದು ಅಪ್ಪಣೆಯಾಗಿ ಕೇಳಿಸುತ್ತದೆ. "ಆಡಿಟ್ ವಿಷಯ ನನಗೂ ಬೇಕಿತ್ತು, ಒಂದ್ಸಲ ಕನ್ನಡದಲ್ಲಿ ಹೇಳ್ತೀರಾ?" ಅನ್ನಿ. ಅದೂ ಆ ಕ್ಷಣದಲ್ಲೇ. ಸಂಜೆ ಕೇಳಿದರೆ ಅವರಿಗೆ ತಾವು ಯಾವ ಮಾತು ಆಡಿದೆವು ಎಂಬ ನೆನಪೇ ಇರುವುದಿಲ್ಲ. ಇದರಲ್ಲಿ ಕಪಟವಿಲ್ಲ. ಮನೆಮಾತು ಒಂದೇ ಆದ ಇಬ್ಬರು ಮುಖ ನೋಡಿದೊಡನೆ ಆ ಮಾತೇ ಹೊರಡುತ್ತದೆ, ನಿಮ್ಮ ಕಡೆ ತಿರುಗಿದರೆ ಕನ್ನಡ ಬರುತ್ತದೆ. ಕೂರುವ ಜಾಗ ಸ್ವಲ್ಪ ಬದಲಾಯಿಸಿಕೊಂಡು ನೀವೂ ಅವರ ಎದುರಿಗೆ ಬಂದರೆ ಅರ್ಧ ಸಮಸ್ಯೆ ಕಡಿಮೆಯಾದೀತು. ಇನ್ನೊಂದನ್ನೂ ಗಮನದಲ್ಲಿಡಿ. 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ಮಾತೃಭಾಷೆ ಎಂದು ಬರೆಸಿದವರು ದೇಶದಲ್ಲೆಲ್ಲ ಸೇರಿ 1,13,857 ಮಂದಿ. ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲೂ ಅದು ಇದೆ. ಮಡಿಕೇರಿಯ ಕಚೇರಿಯಲ್ಲೇ ಕೇಳಿಸಬಾರದು ಅಂದರೆ ಇನ್ನೆಲ್ಲಿ ಕೇಳಿಸಬೇಕು?

ನಗುವಿನ ನಡುವೆ ನಿಮ್ಮ ಹೆಸರು ಸ್ಪಷ್ಟವಾಗಿ ಕೇಳಿಸಿದರೆ "ನನ್ನ ಹೆಸರು ಬಂತಲ್ಲ, ಏನು ವಿಷಯ?" ಎಂದು ಹಗುರಾಗಿ ಒಮ್ಮೆ ಕೇಳಿಬಿಡಿ. ಆಮೇಲೂ ಗೇಲಿ ನಿಲ್ಲದಿದ್ದರೆ ಲಿಖಿತ ದೂರು ಕೊಡಿ, ಆದರೆ ದೂರಿನ ವಿಷಯ ಗೇಲಿಯಾಗಿರಲಿ, ಭಾಷೆಯಾಗದಿರಲಿ. "ಕೊಡವ ತಕ್ಕ್ ಆಡುತ್ತಾರೆ" ಎಂದು ಬರೆದರೆ ಇಡೀ ಕಚೇರಿ ನಿಮ್ಮ ವಿರುದ್ಧ ನಿಲ್ಲುತ್ತದೆ, ಗೇಲಿ ಮಾಡಿದವನೊಬ್ಬ ನಡುವೆ ನುಸುಳಿಕೊಳ್ಳುತ್ತಾನೆ. ಮಾತು ಲೈಂಗಿಕ ಅರ್ಥದ್ದಾಗಿದ್ದರೆ ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅನ್ವಯಿಸುತ್ತದೆ, ಯಾವ ಭಾಷೆಯಲ್ಲಿ ಆಡಿದರೂ ಅಷ್ಟೇ. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ನಿಮ್ಮ ಕಚೇರಿಯಲ್ಲಿರುವುದು ಎಂಟು ಮಂದಿ, ಹಾಗಾಗಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು.

ಪ್ರಶ್ನೆ: ಕಾಫಿ ತೋಟದಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವವ) ಆಗಿದ್ದೇನೆ. ಅಸ್ಸಾಂ ಕಡೆಯವರು ಇಪ್ಪತ್ತಕ್ಕೂ ಹೆಚ್ಚು ಮಂದಿ ಲೈನ್ ಮನೆಯಲ್ಲಿ (ಆಳುಗಳ ಸಾಲುಮನೆ) ಇದ್ದಾರೆ. ಅವರಲ್ಲೇ ಮಾತಾಡಿಕೊಳ್ಳುತ್ತಾರೆ, ನಾವು ಹೇಳಿದ್ದು ಒಂದು, ಆಗುವುದು ಇನ್ನೊಂದು. ಮಳೆಗೆ ಮುಂಚೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿದರೆ ಮೆಣಸಿನ ಬಳ್ಳಿಯ ಎಲೆ ಸುಟ್ಟಿತು. ಕೆಲಸದ ಹೊತ್ತಿನಲ್ಲಿ ಹಿಂದಿ ಮಾತ್ರ ಎಂದು ಬೋರ್ಡು ಹಾಕಲು ಸಾಹುಕಾರರು ಹೇಳುತ್ತಿದ್ದಾರೆ.
– ರೈಟರ್, ಸಿದ್ದಾಪುರ

ಉತ್ತರ: ಬೋರ್ಡು ಹಾಕಿದರೆ ಓದುವವರು ಯಾರು? ಅವರಲ್ಲಿ ಎಷ್ಟು ಮಂದಿಗೆ ಹಿಂದಿ ಬರುತ್ತದೆ ಎಂದು ಮೊದಲು ಕೇಳಿ. ಅಸ್ಸಾಮಿನಿಂದ ಬಂದವರೆಲ್ಲ ಅಸ್ಸಾಮಿ ಆಡುವವರಲ್ಲ. ಬಂಗಾಳಿಯವರಿರುತ್ತಾರೆ, ಬೋಡೋ ಇರುತ್ತಾರೆ, ಅಲ್ಲಿನ ಚಹಾ ತೋಟಗಳ ಕುಟುಂಬದವರಾದರೆ ಸಾದ್ರಿ ಆಡುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಒಂದು ಕಾಲಂ ಎಳೆದು ಮನೆಮಾತು, ಬರುವ ಇನ್ನೊಂದು ಮಾತು ಬರೆದುಕೊಳ್ಳಿ.

ಇನ್ನು ಬೋರ್ಡೋ. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಉಲ್ಟಾ ಸುರಿದರೆ ಗಸಿ ಒರಟಾಗಿ ತಳಕ್ಕೆ ಕೂರುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ. ಸುಣ್ಣ ಹಳೆಯದಾಗಿದ್ದು ಶಕ್ತಿ ಕಳೆದುಕೊಂಡಿದ್ದರೆ ಅಥವಾ ಅಳತೆ ಕಡಿಮೆಯಾದರೆ ತಾಮ್ರ ಮಿಕ್ಕಿ ಎಲೆ ಸುಡುತ್ತದೆ. ನೀವು ಹೇಳಿದ ಮಾತು ಎಲ್ಲಿ ತಪ್ಪಿತು ಎಂದರೆ, "ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕು" ಎಂಬುದರಲ್ಲಿ ಯಾವುದನ್ನು ಯಾವುದಕ್ಕೆ ಎಂದು ತಿಳಿಸುವುದು ಕೊನೆಯ "ನ್ನ", "ಗೆ" ಎರಡೇ. ನಾಲ್ಕು ಕನ್ನಡ ಪದ ಬಲ್ಲವನಿಗೆ ಕೇಳಿಸುವುದು "ತುತ್ತ, ಸುಣ್ಣ, ಹಾಕು". ಹಿಂದಿಯಲ್ಲಿ ಹೇಳಿದರೂ ಇದೇ ಕಥೆ.

ಇದಕ್ಕೆ ಭಾಷೆ ಬದಲಿಸುವುದು ಬೇಡ, ಡ್ರಮ್ಮು ಬದಲಿಸಿ. ತುತ್ತಕ್ಕೆ ನೀಲಿ ಪ್ಲಾಸ್ಟಿಕ್ ಡ್ರಮ್ (ಕಬ್ಬಿಣದ್ದು ಕೂಡದು), ಸುಣ್ಣಕ್ಕೆ ಬಿಳಿಯದು, ನೀಲಿಯಿಂದ ಬಿಳಿಗೆ ದಪ್ಪ ಬಾಣದ ಗುರುತು. ಎರಡರ ಮೇಲೂ 50 ಲೀಟರಿನ ಗೆರೆ. ಕೊನೆಗೆ ತೊಳೆದ ಕಬ್ಬಿಣದ ಕತ್ತಿ ಅದ್ದಿ ತೋರಿಸಿ: ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಇನ್ನೂ ಬೇಕು. ಇಷ್ಟಕ್ಕೆ ಯಾರಿಗೂ ಯಾವ ವ್ಯಾಕರಣವೂ ಬೇಡ.

"ಅರ್ಥ ಆಯ್ತಾ?" ಎಂದು ಕೇಳುವುದನ್ನು ಬಿಟ್ಟುಬಿಡಿ. ಆ ಪ್ರಶ್ನೆಗೆ ತಲೆಯಾಡಿಸದ ಆಳು ಈ ಭೂಮಿಯ ಮೇಲಿಲ್ಲ. "ಮಾಡಿ ತೋರಿಸು" ಅನ್ನಿ, ಮೊದಲ ಟ್ಯಾಂಕು ನಿಮ್ಮ ಎದುರಿಗೇ ಆಗಲಿ. "ಬೇಡ" ಎಂದು ಮುಗಿಯುವ ಸೂಚನೆಯನ್ನೂ ತಪ್ಪಿಸಿ. "ಗಾಳಿಗೆ ಎದುರಾಗಿ ಹೊಡೀಬೇಡಿ" ಎಂದು ಪಂಪಿನ ಸದ್ದಿನ ನಡುವೆ ಕೂಗಿದರೆ ಕೊನೆಯ "ಬೇಡಿ" ಸದ್ದಿನಲ್ಲೇ ಹೋಗುತ್ತದೆ, ಉಳಿಯುವುದು ತದ್ವಿರುದ್ಧ ಅರ್ಥ. "ಗಾಳಿ ಬೆನ್ನಿಗೆ" ಅನ್ನಿ, ಬೆನ್ನು ತಟ್ಟಿ ತೋರಿಸಿ. ಕೀಟನಾಶಕದ ಡಬ್ಬಿಯ ಮೇಲಿನ ವಜ್ರಾಕಾರದ ಗುರುತು ಭಾಷೆ ಬಾರದವರಿಗೂ ಆಗುತ್ತದೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಅಲ್ಲ ಎಂದುಕೊಳ್ಳುವವರಿದ್ದಾರೆ, ಅದೂ ವಿಷವೇ ಎಂದು ಒತ್ತಿ ಹೇಳಿಸಿ.

ಎರಡು ಅಪಾಯಗಳಿಗೆ ಮಾತ್ರ ಇಡೀ ತೋಟಕ್ಕೆ ಒಂದೇ ನಿಯಮವಿರಲಿ. ಮೊದಲನೆಯದು ಆನೆ. ಕನ್ನಡ, ಕೊಡವ, ಮಲಯಾಳ, ತಮಿಳಿನವರಿಗೆ "ಆನೆ" ಎಂದರೆ ತಿಳಿಯುತ್ತದೆ, ಹಿಂದಿ, ಬಂಗಾಳಿ, ಅಸ್ಸಾಮಿಯವರಿಗೆ "ಹಾತಿ" ಎಂದರೆ. ಎರಡನ್ನೂ ಎಲ್ಲರಿಗೂ ಕಲಿಸಿ. ಇನ್ನೊಂದು ವಿದ್ಯುತ್ ತಂತಿ. ಮೆಣಸು ಕೊಯ್ಯುವಾಗ, ಮರಗಸಿ ಮಾಡುವಾಗ (ನೆರಳು ಮರದ ಕೊಂಬೆ ಕಡಿಯುವಾಗ) ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ಜೀವ ಹೋಗಿದೆ. ತಂತಿ ಹಾದುಹೋಗುವ ಸಾಲಿನ ಮರಗಳಿಗೆ ಕೆಂಪು ಬಣ್ಣ ಬಳಿದು, ಕೆಂಪು ಮರಕ್ಕೆ ಆ ಏಣಿ ಒಯ್ಯುವಂತಿಲ್ಲ ಎಂದು ಹಾಜರಿ ಹೊತ್ತಿನಲ್ಲೇ ಮರದ ಹತ್ತಿರ ನಿಲ್ಲಿಸಿ ತೋರಿಸಿ.

ದುಭಾಷಿ ಒಬ್ಬನೇ ಇರುವುದು ಅಪಾಯ. ಕೂಲಿಯ ಮಾತೂ ತೂಕದ ಮಾತೂ ಅವನೊಬ್ಬನ ಬಾಯಿಂದಲೇ ಹೋದರೆ ನೀವು ಕೊಟ್ಟ ದರ ಒಂದು, ಅವರಿಗೆ ತಲುಪಿದ್ದು ಇನ್ನೊಂದು ಆಗಬಹುದು. ಗುಂಪಿನ ಹೆಂಗಸೊಬ್ಬರನ್ನೂ ಸೇರಿಸಿ ಇಬ್ಬರನ್ನು ಇಟ್ಟುಕೊಳ್ಳಿ. ಕಾಫಿ ಹಣ್ಣಿನ ತೂಕ, ಚೀಲಕ್ಕೆ ಕಳೆದದ್ದು, ಕೆ.ಜಿ. ದರ, ಒಟ್ಟು, ಇವನ್ನು ಚೀಟಿಯಲ್ಲಿ 1, 2, 3 ಎಂಬ ಅಂಕಿಯಲ್ಲೇ ಬರೆಯಿರಿ. ಕನ್ನಡದ ಅಂಕಿ ಅವರಿಗೆ ಓದಲು ಬಾರದು. ಫೋನಿನ ಅನುವಾದ ಆ್ಯಪ್ ಬಂಗಾಳಿ, ಅಸ್ಸಾಮಿಗೆ ಸಣ್ಣ ವಾಕ್ಯದ ಮಟ್ಟಿಗೆ ಆದೀತು. ಬಂದ ಉತ್ತರವನ್ನು ತಿರುಗಿ ಕನ್ನಡಕ್ಕೆ ಹಾಕಿ ನೋಡದೆ ವಿಷದ ಅಳತೆಯನ್ನು ಮಾತ್ರ ಅದರಲ್ಲಿ ಹೇಳಬೇಡಿ.

ಉಳಿದ ಹೊತ್ತು ಅವರು ಏನು ಬೇಕಾದರೂ ಮಾತಾಡಲಿ. ಹೊಸದಾಗಿ ಬಂದವನಿಗೆ ಕಾಯಿ ಬಿಟ್ಟು ಹಣ್ಣು ಮಾತ್ರ ಕೀಳಲು ಕಲಿಸುವುದು ಪಕ್ಕದ ಗಿಡದಲ್ಲಿರುವ ಹಳಬನೇ, ಅದೂ ಅವರ ಮಾತಿನಲ್ಲೇ. ಆ ಬಾಯಿ ಕಟ್ಟಿದರೆ ಕಣಕ್ಕೆ ಬರುವ ಚೀಲದಲ್ಲಿ ಹಸಿರು ಕಾಯಿ ಹೆಚ್ಚುತ್ತದೆ.

ಪ್ರಶ್ನೆ: ನಮ್ಮ ಬಟ್ಟೆ ಅಂಗಡಿಯ ಹುಡುಗರು ಗಿರಾಕಿ ಎದುರಿಗೇ ಮಲಯಾಳದಲ್ಲಿ ಮಾತಾಡುತ್ತಾರೆ. "ನಮಗೆ ಟೋಪಿ ಹಾಕ್ತಿದ್ದೀರಾ" ಎಂದು ಒಬ್ಬರು ಜಗಳವಾಡಿದರು.
– ವ್ಯಾಪಾರಿ, ವಿರಾಜಪೇಟೆ

ಉತ್ತರ: ಕಣ್ಣೂರು ರಸ್ತೆಯ ಊರಿನಲ್ಲಿ ಮಲಯಾಳವನ್ನೇ ನಿಷೇಧಿಸಿದರೆ ಅರ್ಧ ವ್ಯಾಪಾರ ಗಡಿಯಾಚೆ ಕೇರಳದ ಇರಿಟ್ಟಿಗೆ ಹೋಗುತ್ತದೆ. ಗಿರಾಕಿಗೆ ಅನುಮಾನ ಬರುವುದು ಒಂದೇ ಹೊತ್ತಿನಲ್ಲಿ: ಬೆಲೆ ಕೇಳಿದ ಮೇಲೆ, ಉತ್ತರ ಸಿಗುವ ಮೊದಲು. ಅಲ್ಲಿಗೆ ಮಾತ್ರ ನಿಯಮ ಮಾಡಿ. ಬೆಲೆ, ರಿಯಾಯಿತಿ, ಬದಲಾವಣೆಯ ಮಾತು ಗಿರಾಕಿಯ ಭಾಷೆಯಲ್ಲೇ ಆಗಲಿ. ಒಳಗೆ ಕೇಳಬೇಕಿದ್ದರೆ "ಈ ಸೈಜು ಮೇಲೆ ಇದೆಯಾ ಅಂತ ಕೇಳ್ತೀನಿ" ಎಂದು ಮೊದಲು ಗಿರಾಕಿಗೆ ಹೇಳಿ, ಆಮೇಲೆ ಬೇಕಾದ ಭಾಷೆಯಲ್ಲಿ ಕೂಗಲಿ. ಬಟ್ಟೆಯ ಮೇಲೆ ಬೆಲೆ ಚೀಟಿ ಇದ್ದರೆ ಈ ಪ್ರಶ್ನೆ ಏಳುವುದೇ ಕಡಿಮೆ.

ಪ್ರಶ್ನೆ: ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ. ಹೊರಗಿನಿಂದ ಬಂದ ಮ್ಯಾನೇಜರು ಇಂಗ್ಲಿಷ್, ಹಿಂದಿ ಬಿಟ್ಟು ಬೇರೆ ಮಾತಾಡಿದರೆ ಸಲಕ್ಕೆ 200 ರೂಪಾಯಿ ದಂಡ ಎಂದಿದ್ದಾರೆ. ನಾನು ಮತ್ತು ನನ್ನ ದೊಡ್ಡಪ್ಪನ ಮಗ ಅರೆಭಾಷೆ ಆಡಿದ್ದಕ್ಕೆ ಸಂಬಳದಲ್ಲಿ ಕಡಿದಿದ್ದಾರೆ. ಇದು ಸರಿಯೇ?
– ಹೆಸರು ಬೇಡ, ಭಾಗಮಂಡಲ ಕಡೆ

ಉತ್ತರ: ದಂಡ ಸರಿಯಲ್ಲ. ಮನಸ್ಸಿಗೆ ಬಂದಂತೆ ಸಂಬಳದಲ್ಲಿ ಕಡಿಯುವ ಹಕ್ಕು ಮಾಲೀಕರಿಗಿಲ್ಲ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಸರ್ಕಾರದ ಒಪ್ಪಿಗೆ ಪಡೆದು ನೋಟಿಸ್ ಹಾಕಿರಬೇಕು, ಕಡಿಯುವ ಮುಂಚೆ ನಿಮ್ಮ ಸಮಜಾಯಿಷಿ ಕೇಳಬೇಕು, ಒಟ್ಟು ದಂಡ ಆ ಅವಧಿಯ ಕೂಲಿಯ ಶೇ. 3 ಮೀರಬಾರದು. 1936ರ ವೇತನ ಪಾವತಿ ಕಾಯ್ದೆಯ ಈ ಮಿತಿ 2019ರ ವೇತನ ಸಂಹಿತೆಯಲ್ಲೂ ಹಾಗೇ ಇದೆ. ಸಂಬಳ ಚೀಟಿ ಇಟ್ಟುಕೊಳ್ಳಿ. ನಿಯಮವನ್ನು ಬರವಣಿಗೆಯಲ್ಲಿ ಕೊಡಿ ಎಂದು ಸಂದೇಶ ಕಳಿಸಿ, ಕೊಟ್ಟರೂ ಕೊಡದಿದ್ದರೂ ಅದೊಂದು ದಾಖಲೆ. ಬಳಿಕ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಿ, ಕಡಿತವಾದ ತಿಂಗಳು ಮತ್ತು ಮೊತ್ತ ಮಾತ್ರ ಬರೆದರೆ ಸಾಕು.

ಸಂವಿಧಾನದ 29ನೇ ವಿಧಿ ತಮ್ಮ ಭಾಷೆ ಉಳಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ ನಿಜ, ಆದರೆ ಖಾಸಗಿ ರೆಸಾರ್ಟಿನ ವಿರುದ್ಧ ಅದನ್ನೇ ಹಿಡಿದು ಹೊರಟರೆ ದಾರಿ ದೂರ. ದಂಡದ ದಾರಿ ಹತ್ತಿರದ್ದು. ಇಂಥ ಆದೇಶಗಳು ಹೆಚ್ಚು ದಿನ ನಿಲ್ಲುವುದೂ ಇಲ್ಲ. 2021ರ ಜೂನ್‌ನಲ್ಲಿ ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದು ನರ್ಸುಗಳು ಮಲಯಾಳ ಆಡಬಾರದು ಎಂದು ಸುತ್ತೋಲೆ ಹೊರಡಿಸಿ, ದೇಶವೆಲ್ಲ ಗದ್ದಲವಾದ ಮೇಲೆ ಮರುದಿನವೇ ಹಿಂದಕ್ಕೆ ಪಡೆಯಿತು.

ಮ್ಯಾನೇಜರಿಗೂ ಒಂದು ನ್ಯಾಯವಿದೆ. ಅತಿಥಿ ಎದುರಿಗಿದ್ದಾಗ, ವಾಕಿಟಾಕಿಯಲ್ಲಿ, ಆರ್ಡರ್ ಕೂಗುವಾಗ, ಬಿಸಿ ಎಣ್ಣೆ ಹೊತ್ತು ಹಿಂದಿನಿಂದ ಬರುವಾಗ ಎಲ್ಲರಿಗೂ ತಿಳಿಯುವ ಮಾತೇ ಬೇಕು. ಆ ನಾಲ್ಕನ್ನು ನೀವೇ ಬರೆದು "ಇಷ್ಟಕ್ಕೆ ನಾವು ಒಪ್ಪುತ್ತೇವೆ" ಎಂದು ಕೊಟ್ಟರೆ ಮಾತುಕತೆ ಶುರುವಾಗುತ್ತದೆ.

ಪ್ರಶ್ನೆ: ಮೇಸ್ತ್ರಿ ಎರವ ಆಳುಗಳನ್ನು ಜಾತಿ ಹಿಡಿದು ಎಲ್ಲರೆದುರು ಬೈಯುತ್ತಾನೆ. ಕೇಳಿದರೆ "ನಮ್ಮ ಭಾಷೇಲಿ ಹಾಗೇ ಮಾತಾಡೋದು" ಎನ್ನುತ್ತಾನೆ.
– ಓದುಗ, ಪೊನ್ನಂಪೇಟೆ

ಉತ್ತರ: ಅದು ಭಾಷೆಯ ವಿಷಯವೇ ಅಲ್ಲ. ಎರವರು ಪರಿಶಿಷ್ಟ ಪಂಗಡದವರು. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವನು ಅವರನ್ನು ನಾಲ್ಕು ಜನರೆದುರು ಜಾತಿ ಹೆಸರಲ್ಲಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆಡಿದ ಪದಗಳನ್ನು ಆಡಿದ ಭಾಷೆಯಲ್ಲೇ ದೂರಿನಲ್ಲಿ ಬರೆಸಿ, ಕನ್ನಡ ಅರ್ಥ ಪಕ್ಕಕ್ಕಿರಲಿ, ಕೇಳಿಸಿಕೊಂಡವರ ಹೆಸರೂ ಇರಲಿ. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಿಂದ ಆಗಬೇಕು.

ಪ್ರಶ್ನೆ: ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಇಬ್ಬರು ನರ್ಸುಗಳು ಮಲಯಾಳದಲ್ಲೇ ರೋಗಿಗಳ ವಿವರ ಒಪ್ಪಿಸಿಕೊಳ್ಳುತ್ತಾರೆ. ಮೂರನೆಯವಳು ನಾನು.
– ನರ್ಸ್, ಗೋಣಿಕೊಪ್ಪ

ಉತ್ತರ: ಮೂವರಿಗೂ ತಿಳಿಯುವ ಮಾತಿನಲ್ಲೇ ಆಗಬೇಕು, ಇಲ್ಲಿ ರಿಯಾಯಿತಿಯಿಲ್ಲ. ಹಾಸಿಗೆ ಸಂಖ್ಯೆ, ಹೆಸರು, ಕೊಟ್ಟ ಔಷಧಿ ಮತ್ತು ಹೊತ್ತು, ಕೊಡಬೇಕಾದದ್ದು, ಅಲರ್ಜಿ: ಈ ಐದನ್ನು ಚಾರ್ಟ್ ಕೈಯಲ್ಲಿ ಹಿಡಿದು ಹಾಸಿಗೆಯ ಪಕ್ಕ ನಿಂತೇ ಹೇಳಲಿ, ನೀವು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. ಡ್ಯೂಟಿ ರೂಮಿನಲ್ಲಿ ಕೂತು ಒಪ್ಪಿಸುವುದೇ ಮನೆಮಾತಿಗೆ ಜಾರಲು ಮುಖ್ಯ ಕಾರಣ. ಹೆದರಿದ ಮಲಯಾಳಿ ಅಜ್ಜಿಗೆ ಅವರು ಮಲಯಾಳದಲ್ಲೇ ಸಮಾಧಾನ ಹೇಳಲಿ, ಅಜ್ಜಿ ಏನಾದರೂ ನೋವು ಹೇಳಿಕೊಂಡರೆ ಅದನ್ನು ನಿಮಗೂ ತಿಳಿಯುವಂತೆ ಚಾರ್ಟಿನಲ್ಲಿ ಬರೆಯಲಿ.

ಪ್ರಶ್ನೆ: ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ತುಳು, ಕೊಡವ ತಕ್ಕಿನ ವಾಯ್ಸ್ ಮೆಸೇಜು ಬರುತ್ತವೆ. ಏನು ಮಾಡುವುದು?
– ಕುಶಾಲನಗರ

ಉತ್ತರ: ಎರಡು ಗುಂಪು ಮಾಡಿ. ಕೆಲಸದ ಗುಂಪಿನಲ್ಲಿ ಟೈಪ್ ಮಾಡಿದ ಕನ್ನಡ ಮಾತ್ರ, ವಾಯ್ಸ್ ಯಾವ ಭಾಷೆಯದ್ದೂ ಬೇಡ. ಆರು ತಿಂಗಳ ಮೇಲೆ ಹುಡುಕಿದರೆ ಸಿಗುವುದು ಅಕ್ಷರ ಮಾತ್ರ. ಹರಟೆಯ ಗುಂಪಿನಲ್ಲಿ ಯಾರು ಏನು ಬೇಕಾದರೂ ಆಡಲಿ.