ಗುರುವಾರ ರಾತ್ರಿ ನಿದ್ದೆ ಬಾರದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 36, ತಾಲ್ಲೂಕು ಕೇಂದ್ರವೊಂದರಲ್ಲಿ ಗೊಬ್ಬರದ ಅಂಗಡಿ. ನಿದ್ದೆ ಬರುತ್ತಿಲ್ಲವೆಂದು ಆಪ್ತಸಲಹೆಗಾಗಿ ನನ್ನ ಬಳಿ ಬಂದವರು ಮೊಬೈಲನ್ನು ಮೇಜಿನ ಮೇಲೆ ಬೋರಲಿಟ್ಟರು. ಮಾತಿನ ನಡುವೆ ನಾಲ್ಕು ಸಲ ಅದನ್ನು ಮಗುಚಿ ನೋಡಿದರು.

“ಏನು ನೋಡುತ್ತಿದ್ದೀರಿ?”

“ನ್ಯಾಚುರಲ್ ಗ್ಯಾಸ್ ದರ, ಮೇಡಂ.”

ಎಂಟು ತಿಂಗಳ ಹಿಂದೆ ಸ್ನೇಹಿತರ ಮಾತು ಕೇಳಿ ಎಂಸಿಎಕ್ಸ್‌ನಲ್ಲಿ, ಅಂದರೆ ಚಿನ್ನ, ತೈಲ, ಅನಿಲಗಳ ಮುಂಗಡ ವ್ಯಾಪಾರ ನಡೆಯುವ ವಿನಿಮಯ ಕೇಂದ್ರದಲ್ಲಿ, ವಹಿವಾಟಿಗೆ ಇಳಿದಿದ್ದರು. ಮೊದಲ ತಿಂಗಳು ಲಾಭ ಬಂತು. ಆಮೇಲೆ ಹೋದದ್ದು ನಾಲ್ಕೂವರೆ ಲಕ್ಷ. ಹೆಂಡತಿಯ ಬಳೆಗಳು ಸೊಸೈಟಿಯಲ್ಲಿ ಅಡವಿಗಿದ್ದವು. ಬೀರುವಿನಲ್ಲೇ ಇವೆಯೆಂದು ಆಕೆ ನಂಬಿದ್ದರು. ದರವನ್ನು ಅಲುಗಿಸುವ ಅಮೆರಿಕದ ಅನಿಲ ದಾಸ್ತಾನಿನ ವರದಿ ಪ್ರತಿ ಗುರುವಾರ ಬರುತ್ತದೆ, ಆಗ ನಮ್ಮಲ್ಲಿ ರಾತ್ರಿ 8 ಅಥವಾ 9 ಗಂಟೆ. ಆ ಹೊತ್ತಿನಿಂದ ಮಾರುಕಟ್ಟೆ ಮುಚ್ಚುವವರೆಗೂ ಅವರು ಅಂಗಡಿಯ ಒಳಕೋಣೆ ಬಿಟ್ಟು ಬರುತ್ತಿರಲಿಲ್ಲ.

ಒಂದು ಹಾಳೆ ಕೊಟ್ಟು ಲೆಕ್ಕ ಬರೆಯಿಸಿದೆ. ಲಾಟ್ ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಪ್ರಮಾಣ; ನ್ಯಾಚುರಲ್ ಗ್ಯಾಸ್‌ನಲ್ಲಿ ಒಂದು ಲಾಟ್‌ಗೆ 1,250 ಯೂನಿಟ್. ದರ ಒಂದು ರೂಪಾಯಿ ಇಳಿದರೆ 1,250 ರೂಪಾಯಿ ನಷ್ಟ, ಹತ್ತು ಇಳಿದರೆ 12,500. ಅವರ ಬಳಿ ಇದ್ದದ್ದು ನಾಲ್ಕು ಲಾಟ್. 50,000 ಎಂದು ಬರೆದು ಪೆನ್ನು ಕೆಳಗಿಟ್ಟರು. “ಹೋದರೆ ಮುಂಗಡವಾಗಿ ಕಟ್ಟಿದ ಮಾರ್ಜಿನ್ ಹಣವಷ್ಟೇ ಹೋದೀತು ಅಂದುಕೊಂಡಿದ್ದೆ. ಸ್ಟಾಪ್‌ಲಾಸ್ ಬೇರೆ ಹಾಕುತ್ತೇನಲ್ಲ?” ದರ ಗೊತ್ತುಮಾಡಿದ ಮಟ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡುವ ಆದೇಶ ಅದು.

ನಾನು 2020ರ ಏಪ್ರಿಲ್ 20ರ ಸಂಗತಿ ಹೇಳಿದೆ. ಲಾಕ್‌ಡೌನ್ ಕಾರಣ ಇಲ್ಲಿ ವಹಿವಾಟು ಸಂಜೆ 5ಕ್ಕೇ ನಿಲ್ಲುತ್ತಿತ್ತು. ಆ ರಾತ್ರಿ ಅಮೆರಿಕದಲ್ಲಿ ಕಚ್ಚಾ ತೈಲದ ದರ ಸೊನ್ನೆಗಿಂತ ಕೆಳಗಿಳಿಯಿತು, ಎಂಸಿಎಕ್ಸ್ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಯಂತೆ ಲೆಕ್ಕ ಚುಕ್ತಾ ಮಾಡಿತು. ಸಾವಿರ ರೂಪಾಯಿ ದರದಲ್ಲಿ 100 ಬ್ಯಾರೆಲ್‌ನ ಒಂದು ಲಾಟ್ ಕೊಂಡಿದ್ದವರಿಗೆ 3,88,400 ನಷ್ಟ. ಬಾಗಿಲು ಮುಚ್ಚಿದ ಮಾರುಕಟ್ಟೆಯಲ್ಲಿ ಯಾವ ಸ್ಟಾಪ್‌ಲಾಸ್ ಕೆಲಸ ಮಾಡೀತು?

ಸಾಯಬೇಕು ಅನಿಸಿದೆಯೇ ಎಂದು ನೇರವಾಗಿ ಕೇಳಿದೆ. ಹಣದ ನಷ್ಟದಲ್ಲಿರುವವರನ್ನು ಈ ಪ್ರಶ್ನೆ ಕೇಳದೆ ನಾನು ಕಳಿಸುವುದಿಲ್ಲ. “ಒಮ್ಮೆ ಅನಿಸಿತ್ತು” ಎಂದರು. ಅಂದೇ ಮನೋವೈದ್ಯರ ಬಳಿ ಕಳಿಸಿದೆ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಕೈಯಲ್ಲೇ ಮೊಬೈಲಿಗೆ ಹಾಕಿಸಿದೆ.

ಉಳಿದ ಸಲಹೆ ಇಷ್ಟು: ಇರುವ ಲಾಟ್‌ಗಳನ್ನು ಮುಗಿಸಿ ಆ್ಯಪ್ ತೆಗೆಯಿರಿ. ಕಳೆದದ್ದನ್ನು ಅಲ್ಲಿಯೇ ಗಳಿಸುವ ಹಟ ಬೇಡ, ಹೆಚ್ಚಿನವರು ಮುಳುಗುವುದು ಆ ಹಟದಲ್ಲೇ. ಉದ್ದರಿ ಪುಸ್ತಕದ ಹಾಗೆ ಇದಕ್ಕೂ ಒಂದು ಪುಸ್ತಕ ಮಾಡಿ ಪ್ರತಿ ನಷ್ಟವನ್ನೂ ಬರೆಯಿರಿ. ಈ ವಾರವೇ ಮನೆಯವರಿಗೆ ಹೇಳಿ. ಸಾಲ ತೀರಿದ ಮೇಲೂ ಕಲಿಯುವ ಆಸೆ ಉಳಿದಿದ್ದರೆ, ಆರು ತಿಂಗಳು ಹಣ ಹಾಕದೆ ಕಾಗದದ ಮೇಲೆ ಮಾತ್ರ ಆಡಿ ನೋಡಿ. ಬಳಿಕ ಒಂದು ಗ್ರಾಂ ಚಿನ್ನದ ಲಾಟ್‌ನಿಂದ, ಕಳೆದುಕೊಂಡರೂ ಮನೆ ನಡೆಯುವಷ್ಟು ಹಣದಲ್ಲಿ ಆರಂಭಿಸಿ.

ಮುಂದಿನ ವಾರ ಇಬ್ಬರೂ ಬಂದರು. ಆಕೆ ಬಹಳ ಹೊತ್ತು ಅತ್ತರು. ಆಮೇಲೆ, “ರೀ, ಬಳೆ ಇರಲಿ. ಇನ್ನೂ ಯಾರ ಹತ್ತಿರ ಎಷ್ಟು ತಂದಿದ್ದೀರಿ, ಎಲ್ಲ ಹೇಳಿಬಿಡಿ” ಎಂದರು. ಅವರು ಚೀಲದಿಂದ ಪುಸ್ತಕ ತೆಗೆದು ಮೊದಲ ಪುಟದಿಂದ ಓದತೊಡಗಿದರು.